ತಾರಾಪೋತೊದ ಕೆಂಪು ಪಟ್ಟೆ

ಚಿಟ್ಟೆಯ ಫೋಟೋ ಕಳಿಸಿ "ಇದು ಯಾವುದು?" ಅಂತ ಕೇಳುವವರು ಊರಿನ ಹೆಸರು ಮಾತ್ರ ಹಾಕುವುದಿಲ್ಲ. ಇದು ನನ್ನ ಹಳೆಯ ಕಿರಿಕಿರಿ. ರೆಕ್ಕೆ ಪೂರ್ತಿ ಕಾಣುತ್ತಿದೆ, ಬಣ್ಣ ಚೆನ್ನಾಗಿ ಬಂದಿದೆ, ಇನ್ನು ಎಲ್ಲಿ ತೆಗೆದದ್ದು ಅಂತ ಯಾಕೆ ಬೇಕು ಅನ್ನುವುದು ಅವರ ಲೆಕ್ಕ. ನಮ್ಮ ಹಿತ್ತಲಿನ ಮಟ್ಟಿಗೆ ಈ ಲೆಕ್ಕ ಸುಮಾರಾಗಿ ನಡೆಯುತ್ತದೆ ಕೂಡ. ನೀಲಿ ಗೆರೆ ಇದ್ದರೆ ಇದು, ಕೇಸರಿ ಮೇಲೆ ಕಪ್ಪು ಗೆರೆ ಇದ್ದರೆ ಅದು. ಬಣ್ಣ ನೋಡು, ಪುಸ್ತಕ ತಿರುವು, ಹೆಸರು ಹೇಳು. ನಾವೆಲ್ಲ ಕಲಿತದ್ದು ಹಾಗೆಯೇ ಅಲ್ವಾ? ಆದರೆ ಅಮೆಜಾನ್ ಅಂಚಿನ ಕೆಲವು ಚಿಟ್ಟೆಗಳ ಮುಂದೆ ಈ ಪಾಠ ಪೂರ್ತಿ ಕೈಕೊಡುತ್ತದೆ. ಅಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವ ಬಣ್ಣವೇ ಗುರುತಿಗೆ ಬಾರದ ವಸ್ತು.

ಅಕ್ಕನ ಮಗಳು ಕೆಲಸದ ಮೇಲೆ ಪೆರುವಿನ ಲಿಮಾದಲ್ಲಿದ್ದಾಳೆ. ಲಿಮಾ ಸಮುದ್ರದ ದಂಡೆಯಲ್ಲೇ ಇದ್ದರೂ ಮರುಭೂಮಿಯ ಊರು, ಮಳೆ ಅಂತ ಹೇಳಿಕೊಳ್ಳುವಂಥದ್ದು ಬರುವುದೇ ಇಲ್ಲ. ತೀರ್ಥಹಳ್ಳಿಯ ಮಳೆಯಲ್ಲಿ ಬೆಳೆದವಳಿಗೆ ಅಲ್ಲಿ ಎಷ್ಟು ದಿನ ಅಂತ ಇರಲು ಸಾಧ್ಯ. ರಜೆ ಸಿಕ್ಕಿದ ಕೂಡಲೇ ಆಂಡೀಸ್ ಬೆಟ್ಟಸಾಲಿನ ಆಚೆ ಕಡೆಯ ತಾರಾಪೋತೊ ಅನ್ನುವ ಊರಿಗೆ ಹೋದಳು. ಅಲ್ಲಿಂದ ಒಂದು ಫೋಟೋ ಬಂತು. ಕಪ್ಪು ರೆಕ್ಕೆ, ಮುಂದಿನ ರೆಕ್ಕೆಗೆ ಅಡ್ಡಲಾಗಿ ಅಗಲವಾದ ಕೆಂಪು ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಹಳದಿ ಪಟ್ಟೆ. ಹಿಂದೆಯೇ ಫೋನೂ ಬಂತು.

"ಮಾವ, ಯಾವ ಚಿಟ್ಟೆ ಹೇಳಿ."

"ಎಲ್ಲಿ ತೆಗೆದಿದ್ದು ಪುಟ್ಟಿ?"

"ಪೆರುನಲ್ಲಿ!"

"ಪೆರುನಲ್ಲಿ ಎಲ್ಲಿ?"

"ಕಾಡಲ್ಲಿ. ಅವಾಶಿಯಾಕು ಅಂತ ಒಂದು ಜಲಪಾತ ಇದೆ, ಅಲ್ಲಿಗೆ ಹೋಗೋ ದಾರೀಲಿ. ಯಾಕೆ ಇಷ್ಟೊಂದು ವಿಚಾರಣೆ? ಆ್ಯಪ್ ಆಗಲೇ ಹೇಳಿದೆ, ಹೆಲಿಕೋನಿಯಸ್ ಮೆಲ್ಪೊಮೀನಿ ಅಂತ. ನೀವು ಹೌದು ಅಂದ್ರೆ ಸಾಕು."

ಹೌದು ಅನ್ನಲು ಬರುವುದಿಲ್ಲ ಅಂದೆ. ಹಾಗಾದರೆ ಅಲ್ಲವಾ ಅಂದಳು. ಅಲ್ಲ ಅನ್ನಲೂ ಬರುವುದಿಲ್ಲ ಅಂದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಅಷ್ಟು ದೂರದಿಂದ ಫೋನ್ ಮಾಡಿದ ಹುಡುಗಿಗೆ ಇದೆಂಥ ಉತ್ತರ ಅಂತ ನನಗೂ ಅನಿಸಿತು. ಆವತ್ತು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಒಂದು ರಸ್ತೆ, ಎರಡು ವೇಷ

ತಾರಾಪೋತೊದಿಂದ ಈಶಾನ್ಯಕ್ಕೆ ಒಂದು ರಸ್ತೆ ಹೋಗುತ್ತದೆ. ಎಸ್ಕಲೇರಾ ಅನ್ನುವ ಬೆಟ್ಟದ ಸಾಲು ಹತ್ತಿ, ಆಚೆ ಇಳಿದು, ಅಮೆಜಾನ್ ಬಯಲಿನ ಯೂರಿಮಾಗ್ವಾಸ್ ಊರಿಗೆ ಮುಟ್ಟುತ್ತದೆ. ಸುಮಾರು 130 ಕಿಲೋಮೀಟರ್. ಪ್ರವಾಸಿಗರಿಗೆ ಇದು ಜಲಪಾತದ ರಸ್ತೆ. ಚಿಟ್ಟೆ ಓದುವವರಿಗೆ ಮಾತ್ರ ಇದು ಪ್ರಪಂಚದ ಪ್ರಸಿದ್ಧ ರಸ್ತೆಗಳಲ್ಲಿ ಒಂದು. ನಾನು ದಕ್ಷಿಣ ಅಮೆರಿಕಕ್ಕೆ ಕಾಲಿಟ್ಟವನಲ್ಲ, ಆದರೂ ಈ ರಸ್ತೆಯ ನಕ್ಷೆಯನ್ನು ಎಷ್ಟು ಸಲ ನೋಡಿದ್ದೇನೋ. ಚಿಟ್ಟೆಯ ಹುಚ್ಚು ಹಿಡಿದವರು ಯಾರೇ ಆದರೂ ಒಂದಲ್ಲ ಒಂದು ದಿನ ಹೆಲಿಕೋನಿಯಸ್ ಅನ್ನುವ ಈ ಚಿಟ್ಟೆ ಗುಂಪಿನ ಹತ್ತಿರ ಬಂದೇ ಬರುತ್ತಾರೆ. ಬಂದವರು ಈ ರಸ್ತೆಗೂ ಬರುತ್ತಾರೆ.

ವಿಷಯ ಹೀಗಿದೆ. ತಾರಾಪೋತೊ ಕಡೆ ಹೆಲಿಕೋನಿಯಸ್ ಎರಾಟೊ ಅಂತ ಒಂದು ಚಿಟ್ಟೆ ಇದೆ, ಹೆಲಿಕೋನಿಯಸ್ ಮೆಲ್ಪೊಮೀನಿ ಅಂತ ಇನ್ನೊಂದಿದೆ. ಎರಡಕ್ಕೂ ಹೆಸರಿಟ್ಟವನು ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್, ಅದೂ ಒಂದೇ ಸಲಕ್ಕೆ, 1758ರಲ್ಲಿ. ಎರಡೂ ಇಲ್ಲಿ ಕಪ್ಪು ರೆಕ್ಕೆ, ಕೆಂಪು ಪಟ್ಟೆ, ಹಳದಿ ಪಟ್ಟೆ. ಹಾರುವಾಗ ಬೇರೆ ಮಾಡಲು ಬರುವುದಿಲ್ಲ. ಬೆಟ್ಟ ಹತ್ತಿ ಯೂರಿಮಾಗ್ವಾಸ್ ಕಡೆ ಇಳಿಯಿರಿ. ಅಲ್ಲೂ ಎರಾಟೊ ಇದೆ, ಮೆಲ್ಪೊಮೀನಿಯೂ ಇದೆ. ಆದರೆ ಎರಡೂ ಬಟ್ಟೆ ಬದಲಾಯಿಸಿವೆ! ಮುಂದಿನ ರೆಕ್ಕೆಯ ಕೆಂಪು ಪಟ್ಟೆ ಹೋಗಿ ಹಳದಿ ಬಂದಿದೆ, ರೆಕ್ಕೆಯ ಬುಡ ಕಿತ್ತಳೆಗೆಂಪು, ಹಿಂದಿನ ರೆಕ್ಕೆಯಲ್ಲಿ ಬುಡದಿಂದ ಅಂಚಿನ ಕಡೆಗೆ ಹರಡಿದ ಕಿತ್ತಳೆಗೆಂಪು ಗೆರೆಗಳು. ಇಲ್ಲೂ ಎರಡೂ ಒಂದೇ ಥರ. ಬೇರೆ ಬೇರೆ ವೇಷ ಹಾಕಿದ್ದರೂ ಈ ಕಡೆಯ ಎರಾಟೊ, ಆ ಕಡೆಯ ಎರಾಟೊ ಒಂದೇ ಪ್ರಭೇದ. ಬೆಟ್ಟದ ಮೇಲೆ ಎದುರಾದರೆ ಕೂಡುತ್ತವೆ, ಮರಿಗಳೂ ಆಗುತ್ತವೆ. ಆದರೆ ಒಂದೇ ಹೂವಿನ ಮೇಲೆ ಅಕ್ಕಪಕ್ಕ ಕೂತ ಎರಾಟೊ ಮತ್ತು ಮೆಲ್ಪೊಮೀನಿಯ ವಂಶಗಳು ಬೇರೆಯಾಗಿ ಸುಮಾರು 1 ಕೋಟಿ ವರ್ಷ ಆಗಿದೆ.

ಇದು ಈ ಒಂದು ರಸ್ತೆಯ ಕಥೆ ಮಾತ್ರ ಅಲ್ಲ. ಎರಾಟೊ ಮಧ್ಯ ಅಮೆರಿಕದಿಂದ ಬ್ರೆಜಿಲ್‌ನ ದಕ್ಷಿಣದವರೆಗೆ ಹರಡಿದೆ. ಹೋದ ಹೋದಲ್ಲಿ ವೇಷ ಬೇರೆ, ಇಪ್ಪತ್ತಕ್ಕಿಂತ ಜಾಸ್ತಿ ವೇಷಗಳಿವೆ. ಮೆಲ್ಪೊಮೀನಿ ಅದರ ಜೊತೆಗಿರುವ ಹೆಚ್ಚಿನ ಕಡೆಗಳಲ್ಲಿ ಎರಡೂ ಒಟ್ಟಿಗೇ ಬದಲಾಗುತ್ತಾ ಹೋಗುತ್ತವೆ. ಹಾಗಾಗಿ ಪುಟ್ಟಿ ಕಳಿಸಿದ ಕೆಂಪು ಪಟ್ಟೆ ನೋಡಿ ನಾನು ಧೈರ್ಯವಾಗಿ ಹೇಳಬಹುದಾದದ್ದು ಒಂದೇ, ಇದು ಬೆಟ್ಟದ ಈ ಕಡೆಯದು, ತಾರಾಪೋತೊ ಕಡೆಯದು. ಚಿಟ್ಟೆಯ ಬಣ್ಣ ನನಗೆ ಊರಿನ ಹೆಸರು ಹೇಳುತ್ತಿತ್ತು. ಅವಳು ಕೇಳುತ್ತಿದ್ದದ್ದು ಚಿಟ್ಟೆಯ ಹೆಸರು.

ಪಾಠ ಕಲಿಯುವ ಹಕ್ಕಿ

ಇಬ್ಬರು ಇಂಗ್ಲಿಷ್ ಹುಡುಗರು 1848ರಲ್ಲಿ ಬ್ರೆಜಿಲ್‌ನ ಬೆಲೆಂ ಬಂದರಿನಲ್ಲಿ ಇಳಿದರು. ಹೆನ್ರಿ ಬೇಟ್ಸ್, ಆಲ್ಫ್ರೆಡ್ ವಾಲೇಸ್. ಇಬ್ಬರ ಕೈಯಲ್ಲೂ ಹಣ ಇರಲಿಲ್ಲ. ಕೀಟ, ಹಕ್ಕಿಗಳನ್ನು ಹಿಡಿದು ಲಂಡನ್ನಿಗೆ ಕಳಿಸಿ ಮಾರುವುದು, ಅದರಲ್ಲೇ ಹೊಟ್ಟೆ ಹೊರೆಯುವುದು ಅವರ ಯೋಜನೆ. ವಾಲೇಸ್ 1852ರಲ್ಲಿ ವಾಪಸ್ ಹೊರಟ, ಹಡಗಿಗೆ ಅಟ್ಲಾಂಟಿಕ್ ಮಧ್ಯದಲ್ಲಿ ಬೆಂಕಿ ಬಿದ್ದು ಜೊತೆಗೆ ತಂದಿದ್ದ ಸಂಗ್ರಹ ಸುಟ್ಟುಹೋಯಿತು. ಬೇಟ್ಸ್ ಮಾತ್ರ ಹನ್ನೊಂದು ವರ್ಷ ಅಲ್ಲೇ ಇದ್ದ. ಅಷ್ಟು ವರ್ಷ ಒಂದೇ ಕಾಡಿನಲ್ಲಿ ಬಲೆ ಹಿಡಿದು ಓಡಾಡಿದವನಿಗೆ ಮಾತ್ರ ಕಾಣುವಂಥ ಒಂದು ಸಂಗತಿ ಅವನಿಗೆ ಕಂಡಿತು. ತನ್ನದೇ ಬಲೆಯಲ್ಲಿ ಬಿದ್ದ, ಒಂದೇ ಅಂದುಕೊಂಡ ಚಿಟ್ಟೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಅವು ಬೇರೆ ಬೇರೆ ಕುಟುಂಬದವು. ವಿಷದ ಚಿಟ್ಟೆಯ ವೇಷವನ್ನು ವಿಷ ಇಲ್ಲದ ಚಿಟ್ಟೆ ಹಾಕಿಕೊಂಡು ಹಕ್ಕಿಗೆ ಮೋಸ ಮಾಡುತ್ತದೆ ಅನ್ನುವುದು 1862ರಲ್ಲಿ ಅವನು ಕೊಟ್ಟ ವಿವರಣೆ. ವಿಕಾಸದ ಬಗ್ಗೆ ಡಾರ್ವಿನ್‌ನ ಪುಸ್ತಕ ಬಂದು ಆಗಿನ್ನೂ ಮೂರು ವರ್ಷ, ಅಂಥ ಹೊತ್ತಿನಲ್ಲಿ ಈ ಚಿಟ್ಟೆಗಳು ಅವನ ವಾದಕ್ಕೆ ದೊಡ್ಡ ಸಾಕ್ಷಿಯಾದವು.

ಆದರೆ ಬೇಟ್ಸ್‌ಗೆ ಒಂದು ಗಂಟು ಬಿಡಿಸಲಾಗಲಿಲ್ಲ. ವಿಷ ಇಲ್ಲದ್ದು ವಿಷದ್ದನ್ನು ಹೋಲುವುದೇನೋ ಸರಿ. ಎರಡಕ್ಕೂ ವಿಷ ಇದ್ದರೆ? ಹೆಲಿಕೋನಿಯಸ್‌ಗಳೆಲ್ಲ ಹಾಗೆಯೇ. ಇವುಗಳ ಹುಳುಗಳು ತಿನ್ನುವುದು ಪ್ಯಾಶನ್ ಫ್ರೂಟ್ ಜಾತಿಯ ಬಳ್ಳಿಯ ಎಲೆಗಳನ್ನು, ಅಂದರೆ ನಮ್ಮ ಕಡೆ ಶರಬತ್ ಹಣ್ಣು ಅನ್ನುತ್ತೇವಲ್ಲ, ಅದರ ನೆಂಟರು. ಸಯನೈಡ್ ಹುಟ್ಟಿಸುವ ವಸ್ತುಗಳು ಇವುಗಳ ಮೈಯಲ್ಲೇ ಇವೆ. ಎರಾಟೊಗೂ ಇದೆ, ಮೆಲ್ಪೊಮೀನಿಗೂ ಇದೆ. ಇಬ್ಬರಿಗೂ ಸ್ವಂತ ಆಯುಧ ಇರುವಾಗ ಒಬ್ಬರ ವೇಷ ಇನ್ನೊಬ್ಬರಿಗೆ ಯಾಕೆ? ಇದಕ್ಕೆ ಉತ್ತರ ಕೊಟ್ಟವನು ಬ್ರೆಜಿಲ್‌ನ ಬ್ಲುಮೆನಾವ್‌ನಲ್ಲಿ ನೆಲೆಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಸ್ ಮುಲ್ಲರ್, 1878ರ ಹೊತ್ತಿಗೆ. ಹಕ್ಕಿಗೆ ಹುಟ್ಟುತ್ತಲೇ ಎಲ್ಲ ಗೊತ್ತಿರುವುದಿಲ್ಲ. ಒಂದೆರಡು ಚಿಟ್ಟೆ ಕಚ್ಚಿ, ಬಾಯಿ ಕಹಿ ಮಾಡಿಕೊಂಡು, ಆಮೇಲೆ ಈ ಬಣ್ಣದ ತಂಟೆ ಬೇಡ ಅಂತ ಕಲಿಯುತ್ತದೆ. ಆ ಪಾಠಕ್ಕೆ ಬಲಿಯಾಗುವ ಚಿಟ್ಟೆಗಳು ಯಾರ ಕಡೆಯಿಂದ ಹೋಗಬೇಕು? ಎರಡು ಪ್ರಭೇದಕ್ಕೂ ಬೇರೆ ಬೇರೆ ಬಣ್ಣ ಇದ್ದರೆ ಎರಡು ಪಾಠ, ಎರಡೂ ಕಡೆ ಪೂರ್ತಿ ಬಲಿ. ಒಂದೇ ಬಣ್ಣ ಇದ್ದರೆ ಒಂದೇ ಪಾಠ, ನಷ್ಟದಲ್ಲಿ ಪಾಲು. ಮುಲ್ಲರ್ ಇದನ್ನು ಅಂಕಿಗಳಲ್ಲೇ ಲೆಕ್ಕ ಹಾಕಿ ತೋರಿಸಿದ.

ಹಾಗಾಗಿ ಯಾವ ಕಾಡಿನಲ್ಲಿ ಯಾವ ಬಣ್ಣವನ್ನು ಹಕ್ಕಿಗಳು ಕಲಿತಿವೆಯೋ ಆ ಬಣ್ಣವೇ ಅಲ್ಲಿ ನಡೆಯುತ್ತದೆ. ಬೇರೆ ಬಣ್ಣ ಹಾಕಿಕೊಂಡು ಬಂದವನಿಗೆ ಉಳಿಗಾಲ ಇಲ್ಲ. ಇದನ್ನು ಬಾಯಿಮಾತಿಗೆ ಬಿಡದೆ ಪರೀಕ್ಷೆ ಮಾಡಿದ್ದು ಇದೇ ತಾರಾಪೋತೊ ರಸ್ತೆಯಲ್ಲಿ. ಜೇಮ್ಸ್ ಮ್ಯಾಲೆಟ್, ನಿಕ್ ಬಾರ್ಟನ್ ಅನ್ನುವ ಇಬ್ಬರು ಎರಾಟೊ ಚಿಟ್ಟೆಗಳನ್ನು ಹಿಡಿದು, ರೆಕ್ಕೆಗೆ ಗುರುತು ಹಾಕಿ, ಈ ಕಡೆಯವನ್ನು ಆ ಕಡೆ, ಆ ಕಡೆಯವನ್ನು ಈ ಕಡೆ ಬಿಟ್ಟರು. ಹೋಲಿಕೆಗೆ ಅಂತ ಅದೇ ಕಡೆಯ ಬಣ್ಣದವನ್ನೂ ಬಿಟ್ಟರು. ಆಮೇಲೆ ಮತ್ತೆ ಮತ್ತೆ ಹೋಗಿ ಯಾವುದು ಇನ್ನೂ ಇದೆ ಅಂತ ನೋಡಿದರು. ಅನ್ಯ ಬಣ್ಣದವು ಬೇಗ ಬೇಗ ಕಾಣೆಯಾದವು. ಅವರ ವರದಿ ಬಂದದ್ದು 1989ರಲ್ಲಿ. ಎರಡು ವೇಷಗಳು ಸೇರುವ ಗಡಿ ಬರೀ 10 ಕಿಲೋಮೀಟರ್ ಆಸುಪಾಸು ಅಗಲ. ಆ ಗಡಿಯಲ್ಲಿ ಕಲಬೆರಕೆ ವೇಷದವೂ ಸಿಗುತ್ತವೆ, ಗೆರೆಯೂ ಇದೆ, ಕೆಂಪು ಪಟ್ಟೆಯೂ ಇದೆ ಅನ್ನುವಂಥವು. ಹಿಂದಿನ ಕಾಲದ ಸಂಗ್ರಹಕಾರರು ಇಂಥವಕ್ಕೆಲ್ಲ ಖುಷಿಯಿಂದ ಹೊಸ ಹೊಸ ಹೆಸರು ಇಟ್ಟುಬಿಟ್ಟಿದ್ದರು. ಹೆಲಿಕೋನಿಯಸ್‌ನ ಹಳೆಯ ಹೆಸರುಗಳ ರಾಶಿಗೆ ಅರ್ಧ ಕಾರಣ ಈ ಉತ್ಸಾಹವೇ ಇರಬೇಕು ಅಂತ ನನ್ನ ಅನುಮಾನ.

ಕರಿಬೇವಿನ ಗಿಡದಲ್ಲಿ ನಡೆದದ್ದು

ಪುಟ್ಟಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಅವಳು ಚಿಕ್ಕವಳಿದ್ದಾಗಿನ ಒಂದು ದಿನ ನೆನಪು ಮಾಡಿದೆ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಹಿತ್ತಲಿನ ಕರಿಬೇವಿನ ಗಿಡದ ಎಲೆಗಳನ್ನು ಹುಳುಗಳು ಕಡ್ಡಿ ಮಾತ್ರ ಉಳಿಸಿ ತಿಂದಿದ್ದವು. ಅಮ್ಮನಿಗೆ ಸಿಟ್ಟು. "ಒಗ್ಗರಣೆಗೆ ಎಲೆ ಇಲ್ಲ, ನೀವು ಹುಳ ಸಾಕ್ತಾ ಕೂತಿದೀರಿ" ಅಂತ. ನಾವು ಎರಡು ಹುಳುಗಳನ್ನು ಟೊಂಗೆ ಸಮೇತ ತಂದು ಬಾಟಲಿಯಲ್ಲಿ ಇಟ್ಟು, ಬಾಯಿಗೆ ಸೊಳ್ಳೆಪರದೆಯ ಚೂರು ಕಟ್ಟಿದ್ದೆವು. ಎರಡೂ ಒಂದೇ ಗಿಡದವು, ಒಂದೇ ಥರ ದಪ್ಪನೆಯ ಹಸಿರು ಹುಳುಗಳು. ಎರಡೂ ಕೋಶ ಕಟ್ಟಿದವು. ಮೊದಲನೆಯದರಿಂದ ಬಂದದ್ದು ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು. ಕಾಮನ್ ಮಾರ್ಮನ್ ಗಂಡು, ನಿಂಬೆ ಕರಿಬೇವು ಇರುವ ಎಲ್ಲ ಮನೆಗಳಲ್ಲೂ ಇರುತ್ತದೆ. ಎರಡನೆಯದು ಮಾರನೇ ದಿನ ಬೆಳಿಗ್ಗೆ ಬಂತು. ಹಿಂದಿನ ರೆಕ್ಕೆಯ ನಡುವೆ ಬಿಳಿ, ಸುತ್ತ ಕೆಂಪು ಗುರುತುಗಳು. ಪುಟ್ಟಿ ಬಾಟಲಿ ಹತ್ತಿರ ಕಣ್ಣಿಟ್ಟು ನೋಡಿದಳು, ನನ್ನ ಮುಖ ನೋಡಿದಳು. "ನೀವು ರಾತ್ರಿ ಬದಲಾಯಿಸಿದ್ರಾ ಮಾವ?"

ಬದಲಾಯಿಸಿರಲಿಲ್ಲ. ಅದೂ ಕಾಮನ್ ಮಾರ್ಮನ್ನೇ, ಹೆಣ್ಣು. ಈ ಹೆಣ್ಣುಗಳಲ್ಲಿ ಕೆಲವು ಗಂಡಿನ ಥರವೇ ಇರುತ್ತವೆ, ಕೆಲವು ಕಾಮನ್ ರೋಸ್ ಚಿಟ್ಟೆಯ ವೇಷ ಹಾಕುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನ ವೇಷ. ರೋಸ್‌ಗಳು ಈಶ್ವರಿ ಬಳ್ಳಿ ತಿಂದು ಬೆಳೆದ ವಿಷದ ಚಿಟ್ಟೆಗಳು. ಮಾರ್ಮನ್‌ಗೆ ವಿಷ ಇಲ್ಲ, ಇದು ಅಪ್ಪಟ ಬೇಟ್ಸ್ ಹೇಳಿದ ಮೋಸ. ತಮಾಷೆ ಏನೆಂದರೆ, ಈ ಮೂರು ಥರದ ಹೆಣ್ಣುಗಳೂ ಒಂದೇ ಪ್ರಭೇದದವು ಅಂತ ವಿವರಿಸಿ ಬರೆದವನು ಬೇಟ್ಸ್‌ನ ಹಳೆಯ ಜೊತೆಗಾರ ವಾಲೇಸ್. ಹಡಗು ಸುಟ್ಟ ಮೇಲೂ ಸುಮ್ನೆ ಕೂರದೆ ಮಲಯ ದ್ವೀಪಗಳ ಕಡೆ ಹೋಗಿ, ಅಲ್ಲಿಂದ ಬಂದು 1865ರಲ್ಲಿ ಇದನ್ನು ಪ್ರಕಟಿಸಿದ.

ಹಾಗಾದರೆ ಹೂವಿನ ಮೇಲೆ ಕೂತದ್ದು ನಿಜವಾದ ರೋಸೋ, ವೇಷದ ಮಾರ್ಮನ್ನೋ ಅಂತ ಹೇಗೆ ಹೇಳುವುದು? ರೆಕ್ಕೆ ಬಿಟ್ಟು ಮೈ ನೋಡಬೇಕು. ರೋಸ್‌ಗೆ ಮೈ ಕೆಂಪು. ಮಾರ್ಮನ್‌ಗೆ ಕಪ್ಪು. ಒಮ್ಮೆ ಗೊತ್ತಾದ ಮೇಲೆ ಇದರಷ್ಟು ಸುಲಭದ ಗುರುತು ಇನ್ನೊಂದಿಲ್ಲ. ಅಷ್ಟು ಚೆನ್ನಾಗಿ ವೇಷ ಹಾಕಿದ ಚಿಟ್ಟೆ ಮೈಗೆ ಬಣ್ಣ ಹಚ್ಚುವುದನ್ನು ಮರೆತದ್ದು ಯಾಕೆ? ಹಾರುವ ಚಿಟ್ಟೆಯನ್ನು ದೂರದಿಂದ ನೋಡಿ ಅರೆಕ್ಷಣದಲ್ಲಿ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಹಕ್ಕಿಗೆ ರೆಕ್ಕೆಯೇ ಸಾಕು, ಮೈಯ ಬಣ್ಣದವರೆಗೆ ಅದು ಬರುವುದೇ ಇಲ್ಲ ಅಂತ ನನಗನಿಸುತ್ತದೆ. ಹಕ್ಕಿ ಕೇಳದ್ದಕ್ಕೆ ಚಿಟ್ಟೆ ಉತ್ತರ ಯಾಕೆ ಕೊಡಬೇಕು.

ಹಕ್ಕಿ ನೋಡದ ಜಾಗ

ಇದನ್ನೇ ಹಿಡಿದುಕೊಂಡು ತಾರಾಪೋತೊಗೆ ವಾಪಸ್ ಹೋದರೆ ದಾರಿ ಸ್ವಲ್ಪ ಕಾಣುತ್ತದೆ. ಎರಾಟೊ, ಮೆಲ್ಪೊಮೀನಿ ಎರಡೂ ಯಾವ ಗುರುತಿನಲ್ಲಿ ಒಂದಾಗಿವೆಯೋ ಆ ಗುರುತುಗಳನ್ನು ತಿದ್ದಿದ್ದು ಹಕ್ಕಿ. ಕೆಂಪು ಪಟ್ಟೆ, ಹಳದಿ ಪಟ್ಟೆ, ಗೆರೆಗಳು, ಇವೆಲ್ಲ ಹತ್ತಾರು ಅಡಿ ದೂರಕ್ಕೆ ಕಾಣುವಂಥವು. ಅಲ್ಲಿನ ಕಾಡಿನಲ್ಲಿ ಜಕಮಾರ್ ಅಂತ ಒಂದು ಹಕ್ಕಿ ಇದೆ, ಉದ್ದನೆಯ ಚೂಪು ಕೊಕ್ಕು, ಕೊಂಬೆಯ ಮೇಲೆ ಕೂತಿದ್ದು ಹಾರುವ ಚಿಟ್ಟೆಯನ್ನು ಗಾಳಿಯಲ್ಲೇ ಹಿಡಿಯುತ್ತದೆ. ಅದು ಭೂತಗನ್ನಡಿ ಹಿಡಿದು ಕೂರುವುದಿಲ್ಲ. ಹಾಗಾಗಿ ಭೂತಗನ್ನಡಿಗೆ ಮಾತ್ರ ಕಾಣುವ ಜಾಗಗಳಲ್ಲಿ ಎರಡೂ ಚಿಟ್ಟೆಗಳು ತಮ್ಮ ತಮ್ಮ ಮನೆತನದ ಗುರುತು ಉಳಿಸಿಕೊಂಡಿವೆ.

ಗೆರೆ ಇರುವ ಯೂರಿಮಾಗ್ವಾಸ್ ಕಡೆ ಇದು ಸ್ವಲ್ಪ ಸುಲಭ. ಎರಾಟೊನ ಗೆರೆಗಳು ತೆಳ್ಳಗೆ ಒಂದೇ ಸಮನಾಗಿ ಇರುತ್ತವೆ. ಮೆಲ್ಪೊಮೀನಿಯ ಗೆರೆಗೆ ಒಂದು ತುದಿ ಅಗಲ, ಮೊಳೆಗೆ ತಲೆ ಇದ್ದ ಹಾಗೆ. ಕೆಂಪು ಪಟ್ಟೆಯ ತಾರಾಪೋತೊ ಕಡೆ ಗೆರೆಯೇ ಇಲ್ಲ, ಆದ್ದರಿಂದ ರೆಕ್ಕೆಯ ಅಡಿಭಾಗ ನೋಡಬೇಕು. ಹಿಂದಿನ ರೆಕ್ಕೆಯ ಅಡಿಯಲ್ಲಿ, ಮೈಗೆ ಸೇರುವ ಬುಡದಲ್ಲಿ, ಸಣ್ಣ ಕೆಂಪು ಚುಕ್ಕೆಗಳಿರುತ್ತವೆ. ಅವು ಎಷ್ಟಿವೆ, ಹೇಗೆ ಕೂತಿವೆ, ಹಳದಿ ಪಟ್ಟೆ ಅಡಿಭಾಗದಲ್ಲಿ ಯಾವ ಆಕಾರದಲ್ಲಿದೆ ಅಂತ ತಿಳಿದವರು ನೋಡುತ್ತಾರೆ. ಪುಟ್ಟಿಯ ಫೋಟೋದಲ್ಲಿ ಚಿಟ್ಟೆ ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತಾ ಕೂತಿದೆ. ಬಣ್ಣ ಅದ್ಭುತ, ಅಡಿಭಾಗ ಒಂದು ಚೂರೂ ಕಾಣುವುದಿಲ್ಲ. ಎಲ್ಲರೂ ತೆಗೆಯುವುದು ಇಂಥ ಫೋಟೋನೇ, ನಾನೂ ಇಂಥದ್ದನ್ನೇ ತೆಗೆಯುತ್ತಿದ್ದೆ. ರೆಕ್ಕೆ ಮುಚ್ಚಿ ಕೂತ ಚಿಟ್ಟೆಯ ಮಬ್ಬು ಫೋಟೋಗೆ ಯಾರು ಲೈಕ್ ಒತ್ತುತ್ತಾರೆ.

ನಡತೆಯಲ್ಲೂ ಬೇರೆತನ ಇದೆ, ಅದೂ ದೊಡ್ಡ ಬೇರೆತನ. ಎರಾಟೊ ಗಂಡುಗಳು ಹೆಣ್ಣಿನ ಕೋಶವನ್ನು ಹುಡುಕಿ, ಅದು ಚಿಟ್ಟೆಯಾಗಿ ಹೊರಗೆ ಬರುವ ಮೊದಲೇ ಅದರ ಮೇಲೆ ಕೂತು ಕಾಯುತ್ತವೆ. ಬರುತ್ತಿದ್ದ ಹಾಗೇ ಕೂಡುತ್ತವೆ, ಕೆಲವು ಸಲ ಪೂರ್ತಿ ಬರುವಷ್ಟು ತಾಳ್ಮೆಯೂ ಇರುವುದಿಲ್ಲ. ಮೆಲ್ಪೊಮೀನಿ ಈ ಕೆಲಸಕ್ಕೆ ಹೋಗುವುದಿಲ್ಲ. ಮೊಟ್ಟೆ ಇಡಲು ಆರಿಸುವ ಬಳ್ಳಿಗಳೂ ಹೆಚ್ಚಾಗಿ ಬೇರೆ ಬೇರೆ ಗುಂಪಿನವು. ಅಂದರೆ ಹೂವಿನ ಮೇಲೆ ಕೂತಾಗ ಒಂದೇ ಅನಿಸುವ ಎರಡು ಚಿಟ್ಟೆಗಳು ಸಂಸಾರದ ವಿಷಯಕ್ಕೆ ಬಂದರೆ ಒಂದಕ್ಕೊಂದು ಸಂಬಂಧ ಇಲ್ಲದವು. (ಶರಬತ್ ಬಳ್ಳಿಯ ಒಂದು ಕಾಡು ಜಾತಿ ಅಲ್ಲಿಂದ ಬಂದು ನಮ್ಮ ಬೇಲಿಗಳ ಮೇಲೂ ಹಬ್ಬಿದೆ, ಸಣ್ಣ ಕಾಯಿ, ಸುತ್ತ ಹಸಿರು ಬಲೆ. ಬಳ್ಳಿ ಬಂತು, ಅದನ್ನು ತಿನ್ನುವ ಹೆಲಿಕೋನಿಯಸ್ ಬರಲಿಲ್ಲ. ಆ ಜಾಗಕ್ಕೆ ನಮ್ಮ ಟಾನಿ ಕೋಸ್ಟರ್ ಚಿಟ್ಟೆ ನುಗ್ಗಿದೆ. ಬಳ್ಳಿ ತಿರುವಿ ನೋಡಿದರೆ ಮುಳ್ಳುಮುಳ್ಳಾದ ಅದರ ಹುಳುಗಳು ಸಿಗುತ್ತವೆ.)

ಇನ್ನೂ ಒಂದು ಮಾತು ಹೇಳಬೇಕು. ಹೆಲಿಕೋನಿಯಸ್‌ಗಳು ಬರೀ ಮಕರಂದ ಕುಡಿಯುವುದಿಲ್ಲ, ಪರಾಗವನ್ನೂ ತಿನ್ನುತ್ತವೆ. ಹೀರುವ ಕೊಳವೆಗೆ ಹಳದಿ ಪರಾಗ ಮೆತ್ತಿಕೊಂಡಿರುವುದು ಒಳ್ಳೆಯ ಫೋಟೋಗಳಲ್ಲಿ ಕಾಣುತ್ತದೆ. ಆ ಪೌಷ್ಟಿಕ ಊಟದಿಂದ ಇವು ತಿಂಗಳುಗಟ್ಟಲೆ ಬದುಕುತ್ತವೆ, ಬೇರೆ ಎಷ್ಟೋ ಚಿಟ್ಟೆಗಳಿಗೆ ವಾರಗಳ ಲೆಕ್ಕ. ಪುಟ್ಟಿಯ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಸೊಂಡಿಲಿನ ಸುರುಳಿಯ ಹತ್ತಿರ ಒಂದು ಹಳದಿ ಕಲೆ ಕಾಣುತ್ತದೆ. ಆದ್ದರಿಂದ ಹೆಲಿಕೋನಿಯಸ್ ಅನ್ನುವುದಕ್ಕೆ ನನಗೆ ಯಾವ ಅನುಮಾನವೂ ಇಲ್ಲ. ಅದಕ್ಕಿಂತ ಮುಂದೆ ಹೋಗುವುದೇ ಕಷ್ಟ.

ಮೂರನೆಯದೊಂದು ಇದೆ

ಇಷ್ಟಾದ ಮೇಲೂ, ಅಡಿಭಾಗದ ಫೋಟೋ ಸಿಕ್ಕಿ ಇದು ಎರಾಟೊ ಅಲ್ಲ ಅಂತ ತೀರ್ಮಾನ ಆದರೂ, ಆ್ಯಪ್ ಹೇಳಿದ್ದೇ ಸರಿ ಅನ್ನಲು ಬರುವುದಿಲ್ಲ. ಯಾಕೆಂದರೆ ತಾರಾಪೋತೊ ಮೇಲಿನ ಬೆಟ್ಟಗಳಲ್ಲಿ ಅದೇ ಕಪ್ಪು, ಅದೇ ಕೆಂಪು, ಅದೇ ಹಳದಿಯ ಮೂರನೆಯದೊಂದು ಹಾರುತ್ತದೆ. ಹೆಲಿಕೋನಿಯಸ್ ತಿಮರೇಟಾ. ಈ ಪ್ರಭೇದ 1867ರಲ್ಲೇ ಈಕ್ವೆಡಾರ್‌ನ ಚಿಟ್ಟೆ ಅಂತ ಹೆಸರು ಪಡೆದಿತ್ತು, ಅಲ್ಲಿ ಅದರ ವೇಷವೇ ಬೇರೆ. ಪೆರುವಿನ ಈ ಬೆಟ್ಟಗಳಲ್ಲೂ ಇದೆ ಅಂತ ಖಚಿತವಾಗಿದ್ದು ಈಚೆಗೆ, ಜೀನ್‌ಗಳನ್ನು ಓದಲು ಶುರು ಮಾಡಿದ ಮೇಲೆ. ಮೆಲ್ಪೊಮೀನಿ ಅಂತಲೇ ಯಾರಾದರೂ ಅಂದುಕೊಳ್ಳುವಷ್ಟು ಹೋಲಿಕೆ. ತಿಮರೇಟಾ ಸ್ವಲ್ಪ ಎತ್ತರದ ಕಾಡಿನದು, ಮೆಲ್ಪೊಮೀನಿ ತಗ್ಗಿನದು, ನಡುವೆ ಎರಡೂ ಇರುವ ಜಾಗಗಳಿವೆ. ಅಪರೂಪಕ್ಕೆ ಎರಡೂ ಕೂಡುವುದೂ ಉಂಟು. ಹಾಗಾಗಿ ಊರಿನ ಹೆಸರು ಗೊತ್ತಾದರೂ ಸಾಲದು, ಎಷ್ಟು ಎತ್ತರದಲ್ಲಿ ತೆಗೆದದ್ದು ಅಂತಲೂ ಬೇಕು.

2012ರಲ್ಲಿ ಮೆಲ್ಪೊಮೀನಿಯ ಜೀನೋಮ್, ಅಂದರೆ ಅದರ ಜೀನ್‌ಗಳ ಇಡೀ ಬರಹ, ಓದಿ ಪ್ರಕಟಿಸಿದಾಗ ಇದಕ್ಕೆ ಇನ್ನೊಂದು ತಿರುವು ಬಂತು. ತಿಮರೇಟಾ ಈ ಕೆಂಪು ಪಟ್ಟೆಯನ್ನು ತಾನಾಗಿ ಕಟ್ಟಿಕೊಂಡದ್ದಲ್ಲ. ಹಿಂದೆಂದೋ ಮೆಲ್ಪೊಮೀನಿ ಜೊತೆ ಕೂಡಿದಾಗ ಬಣ್ಣದ ಆ ಜೀನ್‌ನ ಭಾಗವೇ ಈ ಕಡೆಗೆ ದಾಟಿದೆ. ಎರಾಟೊ ಕಥೆ ಬೇರೆ. ಅದು ಮೆಲ್ಪೊಮೀನಿಯಿಂದ ಏನನ್ನೂ ಪಡೆದಿಲ್ಲ, ಅಷ್ಟು ಹಳೆಯ ಅಗಲಿಕೆ ಆದ ಮೇಲೆ ಪಡೆಯಲು ಸಾಧ್ಯವೂ ಇಲ್ಲ. ಆದರೂ ಕೆಂಪನ್ನು ಎಲ್ಲಿ ಹಚ್ಚಬೇಕು ಅಂತ ಎರಡರಲ್ಲೂ ತೀರ್ಮಾನ ಮಾಡುವುದು ಆಪ್ಟಿಕ್ಸ್ ಅನ್ನುವ ಒಂದೇ ಜೀನ್, ಅದು ಗೊತ್ತಾದದ್ದು 2011ರಲ್ಲಿ. ಒಂದೇ ರಸ್ತೆಯ ಒಂದೇ ಕೆಂಪು ಪಟ್ಟೆಗೆ ಎರಡು ಬೇರೆ ಬೇರೆ ಹುಟ್ಟು. ಒಂದು ಕಡೆ ಬೇರೆಯಾಗಿಯೇ ವಿಕಾಸವಾದದ್ದು, ಇನ್ನೊಂದು ಕಡೆ ಕೂಡಿಕೆಯಲ್ಲಿ ಬಂದದ್ದು. ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗೆ ಇದು ಹೇಗೆ ಗೊತ್ತಾಗಬೇಕು? ಅದು ನೋಡುವುದು ಬಣ್ಣದ ಹಂಚಿಕೆ, ಆಕಾರ. ಅಂದರೆ ಹೆಚ್ಚುಕಡಿಮೆ ಹಕ್ಕಿ ನೋಡುವುದನ್ನೇ. ಕೋಟಿ ವರ್ಷಗಳಿಂದ ಹಕ್ಕಿಗೆ ಕಾಣದಂತೆ ತಯಾರಾದ ಬೇರೆತನವನ್ನು ಹಕ್ಕಿಯ ಕಣ್ಣಿನಿಂದಲೇ ಹುಡುಕಿದರೆ ಸಿಗುವುದಿಲ್ಲ. ಆ್ಯಪ್ ಮೇಲೆ ನನಗೆ ಸಿಟ್ಟಿಲ್ಲ. ಪ್ರಭೇ​ದದ ಮಟ್ಟದಲ್ಲಿ ಅಷ್ಟು ಧೈರ್ಯವಾಗಿ ಹೇಳಿಬಿಡುತ್ತದಲ್ಲ, ಅದು ಮಾತ್ರ ಹಿಡಿಸುವುದಿಲ್ಲ.

ನನ್ನ ಉತ್ತರ ಕೊನೆಗೆ ಇಷ್ಟಾಯಿತು: ಹೆಲಿಕೋನಿಯಸ್, ಎರಾಟೊ ಅಥವಾ ಮೆಲ್ಪೊಮೀನಿ, ಎತ್ತರದಲ್ಲಿ ತೆಗೆದದ್ದಾದರೆ ತಿಮರೇಟಾವೂ ಇರಬಹುದು. "ಅಷ್ಟೇನಾ?" ಅಂದಳು. ಅಷ್ಟೇ. ಚಿಟ್ಟೆ ಗುಂಪುಗಳಲ್ಲಿ ಹೀಗೆ ಹೇಳಿದರೆ ಕೆಲವರಿಗೆ ಅವಮಾನ ಆದ ಹಾಗೆ ಆಗುತ್ತದೆ, ಪೂರ್ತಿ ಹೆಸರು ಹೇಳದವನಿಗೆ ವಿಷಯ ಗೊತ್ತಿಲ್ಲ ಅಂತ ಲೆಕ್ಕ. ನನ್ನ ಲೆಕ್ಕ ತಿರುಗಾಮುರುಗಾ. ತಾರಾಪೋತೊದ ಕೆಂಪು ಪಟ್ಟೆಯನ್ನು ಮೇಲಿನಿಂದ ತೆಗೆದ ಒಂದೇ ಫೋಟೋ ನೋಡಿ ತಡಮಾಡದೆ ಪೂರ್ತಿ ಹೆಸರು ಹೇಳುವವರ ಮಾತನ್ನು ನಂಬುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ.

ತಿರುಗಿ ಬಿದ್ದ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ಹಲವು ಪ್ರಭೇದ, ಒಂದು ವೇಷ. ಅದೇ ತಾರಾಪೋತೊದಲ್ಲಿ ಇದರ ಉಲ್ಟಾ ಕೂಡ ಇದೆ. ಹೆಲಿಕೋನಿಯಸ್ ನುಮಾಟಾ, ಹಳದಿ, ಕಿತ್ತಳೆ, ಕಪ್ಪು ಪಟ್ಟೆಗಳ ಚಿಟ್ಟೆ. ಇದು ಒಂದೇ ಪ್ರಭೇದ, ಒಂದೇ ಕಾಡು, ಆದರೆ ಒಟ್ಟಿಗೆ ಏಳರಷ್ಟು ವೇಷಗಳಲ್ಲಿ ಹಾರುತ್ತದೆ. ಒಂದೊಂದು ವೇಷವೂ ಮೆಲಿನಿಯಾ ಅನ್ನುವ ಬೇರೆಯದೇ ಗುಂಪಿನ ಒಂದೊಂದು ವಿಷದ ಚಿಟ್ಟೆಯ ನಕಲು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ವೇಷದ ಮಕ್ಕಳು ಬರಬಹುದು, ನಮ್ಮ ಬಾಟಲಿಯಲ್ಲಿ ಆದದ್ದೇ, ಇಲ್ಲಿ ಗಂಡು ಹೆಣ್ಣು ಅನ್ನುವ ಭೇದವೂ ಇಲ್ಲ. ನಡುವಿನ ಕಲಬೆರಕೆ ವೇಷಗಳು ಯಾಕೆ ಹುಟ್ಟುವುದಿಲ್ಲ ಅನ್ನುವುದು ಬಹಳ ಕಾಲ ಒಗಟಾಗಿತ್ತು. ಬಣ್ಣದ ಜೀನ್‌ಗಳಿರುವ ಕ್ರೋಮೋಸೋಮಿನ ತುಂಡು ತಲೆಕೆಳಗಾಗಿ ತಿರುಗಿ ಕೂತಿದೆ, ಹಾಗಾಗಿ ಆ ಜೀನ್‌ಗಳು ಬಿಡಿಬಿಡಿಯಾಗಿ ಬೆರೆಯದೆ ಒಂದು ಕಟ್ಟಾಗಿಯೇ ಮಕ್ಕಳಿಗೆ ಹೋಗುತ್ತವೆ ಅಂತ 2011ರಲ್ಲಿ ಮ್ಯಾಥ್ಯೂ ಜೋರೋನ್ ಮತ್ತು ಜೊತೆಗಾರರು ತೋರಿಸಿದರು. ಒಂದೇ ಕಾಡಿನಲ್ಲಿ ಇಷ್ಟು ವೇಷ ಯಾಕೆ ಉಳಿದಿವೆ ಅನ್ನುವುದು ಬೇರೆ ಪ್ರಶ್ನೆ. ಮುಲ್ಲರ್ ಲೆಕ್ಕದ ಪ್ರಕಾರ ಎಲ್ಲರೂ ಒಂದೇ ಬಣ್ಣಕ್ಕೆ ಬರಬೇಕಿತ್ತು ಅಲ್ವಾ? ಆದರೆ ಮೆಲಿನಿಯಾಗಳು ಕಾಡಿನ ಬೇರೆ ಬೇರೆ ಮೂಲೆಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಹೆಚ್ಚು ಕಡಿಮೆ ಆಗುತ್ತಿರುತ್ತವೆ, ಇವತ್ತು ಇಲ್ಲಿ ನಡೆಯುವ ವೇಷ ನಾಳೆ ಅಲ್ಲಿ ನಡೆಯುವುದಿಲ್ಲ. ಜೊತೆಗೆ ನುಮಾಟಾಗಳು ಜೋಡಿ ಆರಿಸುವಾಗ ತಮ್ಮ ವೇಷದವರನ್ನು ಬಿಟ್ಟು ಬೇರೆ ವೇಷದವರ ಕಡೆ ಹೋಗುತ್ತವೆ.

ಪುಟ್ಟಿ ಮತ್ತೆ ಆ ಕಡೆ ಹೋಗುತ್ತಾಳಂತೆ, ಈ ಸಲ ಬೆಟ್ಟ ದಾಟಿ ಯೂರಿಮಾಗ್ವಾಸ್‌ವರೆಗೆ. ಫೋನಿನಲ್ಲಿ ಜಾಗದ ಗುರುತು ಆನ್ ಇಡು, ರೆಕ್ಕೆ ಮುಚ್ಚುವವರೆಗೆ ಕಾಯಿ, ಅಡಿಭಾಗದ ಫೋಟೋ ಮಬ್ಬಾದರೂ ಪರವಾಗಿಲ್ಲ, ಬಳ್ಳಿ ಮೇಲೆ ಮೊಟ್ಟೆ ಇಡುತ್ತಿದ್ದರೆ ಬಳ್ಳಿಯ ಎಲೆಯದ್ದೂ ಒಂದು ಫೋಟೋ ತೆಗಿ ಅಂತ ಹೇಳಿದ್ದೇನೆ. ಕಲಬೆರಕೆ ವೇಷದ್ದು ಸಿಕ್ಕಿದರೆ ಏನು ಮಾಡಬೇಕು ಅಂತ ಕೇಳಿದಳು. ಅದನ್ನು ಮೊದಲು ಕಳಿಸು ಅಂದೆ.